ನೀವು ಕೇಳಿದ್ದು ನಿಮ್ಮ ಟಿಎಸ್‌ಎಚ್ ಬಗ್ಗೆ, ಅವಸರ ಇರುವುದು ತಮ್ಮನಿಗೆ

ಓದುಗರ ಪ್ರಶ್ನೆ: ನನಗೆ 33 ವರ್ಷ, ತರೀಕೆರೆ ಹತ್ತಿರದ ಊರು. ಒಂದು ಮಗು ಇದೆ, ಇನ್ನೊಂದು ಬೇಕು ಅಂತ ಯೋಚಿಸ್ತಿದ್ದೀವಿ. ಎರಡು ವರ್ಷದಲ್ಲಿ 9 ಕೆಜಿ ತೂಕ ಏರಿದೆ. ಸುಸ್ತು, ಬಾಚಿದರೆ ಕೈತುಂಬ ಕೂದಲು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 8.2, ಫ್ರೀ ಟಿ4 ನಾರ್ಮಲ್, ಟಿಪಿಒ ಆ್ಯಂಟಿಬಾಡಿ ಪಾಸಿಟಿವ್ ಬಂತು. ಡಾಕ್ಟರು ಥೈರಾಕ್ಸಿನ್ 50 ಬರೆದುಕೊಟ್ಟರು. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡೋಕಾಗಲ್ಲ ಅಂತ ಎಲ್ಲರೂ ಹೆದರಿಸಿದರು, ಹಾಗಾಗಿ ಡಬ್ಬಿ ಮುಚ್ಚಳವನ್ನೇ ತೆಗೆದಿಲ್ಲ. ಬದಲಿಗೆ ಬೆಳಿಗ್ಗೆ ಕೊತ್ತಂಬರಿ ಬೀಜದ ನೀರು ಕುಡೀತಿದ್ದೀನಿ. ಎಲೆಕೋಸು ಬಿಟ್ಟೆ, ಪುಡಿ ಉಪ್ಪು ಬಿಟ್ಟು ಸೈಂಧವ ಲವಣ ತಂದೆ. ಕೂದಲಿಗೆ ಬಯೋಟಿನ್ ಮಾತ್ರೆ ತಗೊಳ್ತೀನಿ. ನಮ್ಮ ಅತ್ತೆಗೆ 74. ಹೋದ ವರ್ಷ ಟಿಎಸ್‌ಎಚ್ 6.9 ಇದೆ ಅಂತ ಅವರಿಗೂ ಮಾತ್ರೆ ಕೊಟ್ಟರು, ಈಗ 75 ತಗೊಳ್ತಾರೆ. ಎದೆ ಡವಡವ ಅನ್ನುತ್ತೆ, ನಿದ್ದೆ ಬರಲ್ಲ ಅಂತಾರೆ. ಅದನ್ನು ನೋಡಿಯೇ ನನಗೆ ಭಯ. ಇನ್ನೊಂದು ವಿಷಯ. ಬೆಂಗಳೂರಲ್ಲಿರೋ ನನ್ನ ತಮ್ಮನಿಗೆ 27. ಚೆನ್ನಾಗಿ ತಿಂದರೂ ಇಳಿದು ಹೋಗಿದ್ದಾನೆ, ಕೈ ನಡುಗುತ್ತೆ. ಹೋದ ತಿಂಗಳು ಮದುವೆ ಊಟ ಮಾಡಿ ಮಲಗಿದವನಿಗೆ ಬೆಳಗಿನ ಜಾವ ಕಾಲು ಎತ್ತೋಕಾಗಲಿಲ್ಲ. ಡ್ರಿಪ್ ಹಾಕಿದರು, ಮಧ್ಯಾಹ್ನದ ಹೊತ್ತಿಗೆ ಸರಿಹೋಯಿತು. ನರದ ವೀಕ್‌ನೆಸ್ ಅಂದರು. ಇದೂ ಥೈರಾಯ್ಡ್ ಇರಬಹುದಾ?

ಉತ್ತರ: ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನೀವು ‘ಇನ್ನೊಂದು ವಿಷಯ’ ಅಂತ ಬರೆದು ಮುಗಿಸಿದ್ದೀರಲ್ಲ, ಈ ಪತ್ರದಲ್ಲಿ ಎಲ್ಲಕ್ಕಿಂತ ತುರ್ತಾದದ್ದು ಅದೇ. ನಿಮ್ಮ ಟಿಎಸ್‌ಎಚ್ 8.2 (ಥೈರಾಯ್ಡ್ ಗ್ರಂಥಿಯನ್ನು ದುಡಿಸುವ ಹಾರ್ಮೋನು ಅದು, ಗ್ರಂಥಿ ಸೋತಷ್ಟೂ ಏರುತ್ತದೆ) ಇನ್ನೆರಡು ವಾರ ಕಾಯುತ್ತದೆ. ತಮ್ಮನಿಗೆ ಈ ವಾರವೇ ರಕ್ತ ಪರೀಕ್ಷೆ ಆಗಬೇಕು.

ತಿಂದರೂ ತೂಕ ಇಳಿಯುವುದು, ಕೈ ನಡುಕ, ಭರ್ಜರಿ ಊಟದ ಮಾರನೇ ಬೆಳಿಗ್ಗೆ ಕಾಲು ಏಳದಿರುವುದು. 20ರಿಂದ 40ರ ಒಳಗಿನ ಗಂಡಸರಲ್ಲಿ ಈ ಮೂರೂ ಒಟ್ಟಿಗೆ ಕಂಡರೆ ನಾವು ಮೊದಲು ಅನುಮಾನಿಸುವುದು ಥೈರಾಯ್ಡ್ ಜಾಸ್ತಿಯಾಗಿರುವುದನ್ನು. ಥೈರಾಯ್ಡ್ ಹೆಂಗಸರ ಕಾಯಿಲೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಹೆಂಗಸರಲ್ಲಿ ಜಾಸ್ತಿ, ಅದು ನಿಜ. ಆದರೆ ಈ ಕಾಲು ಬಿದ್ದುಹೋಗುವ ತೊಂದರೆ ಮಾತ್ರ ಹೆಚ್ಚಾಗಿ ಬರುವುದು ಗಂಡಸರಿಗೆ, ಅದರಲ್ಲೂ ಏಷ್ಯಾದವರಿಗೆ. ಪೀರಿಯಾಡಿಕ್ ಪೆರಾಲಿಸಿಸ್ ಅನ್ನುತ್ತೇವೆ.

ಊಟಕ್ಕೂ ಕಾಲಿಗೂ ಏನು ಸಂಬಂಧ? ಸ್ನಾಯುವಿನ ಪ್ರತಿ ಕೋಶದ ಗೋಡೆಯಲ್ಲೂ ರಕ್ತದಿಂದ ಪೊಟ್ಯಾಸಿಯಂ ಅನ್ನು ಒಳಗೆ ಎಳೆದುಕೊಳ್ಳುವ ಪಂಪುಗಳಿವೆ. ಥೈರಾಯ್ಡ್ ಹಾರ್ಮೋನು ಮಿತಿಮೀರಿದಾಗ ಈ ಪಂಪುಗಳು ಹೆಚ್ಚುತ್ತವೆ, ಜೋರಾಗಿಯೂ ಓಡುತ್ತವೆ. ಅದರ ಮೇಲೆ ಹೋಳಿಗೆ, ಪಾಯಸ, ಎರಡನೇ ಸಲ ಹಾಕಿಸಿಕೊಂಡ ಅನ್ನ ಹೊಟ್ಟೆಗೆ ಬಿದ್ದರೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಓಡಿಸುವುದೂ ಅದೇ ಪಂಪನ್ನು. ಮನುಷ್ಯ ಮಲಗಿರುವಾಗ ರಕ್ತದಲ್ಲಿದ್ದ ಪೊಟ್ಯಾಸಿಯಂ ಸ್ನಾಯುವಿನೊಳಗೆ ನುಗ್ಗಿಬಿಡುತ್ತದೆ. 3.5ರ ಮೇಲಿರಬೇಕಾದದ್ದು 2ರ ಆಸುಪಾಸಿಗೆ ಇಳಿದರೂ ಆಶ್ಚರ್ಯವಿಲ್ಲ. ಆಗ ನರ ಕೊಟ್ಟ ಸೂಚನೆಗೆ ಸ್ನಾಯು ಓಗೊಡುವುದಿಲ್ಲ. ತೊಡೆಗಳು ಮೊದಲು ಕೈಕೊಡುತ್ತವೆ. ಕೆಲವು ಗಂಟೆ ಕಳೆದರೆ ಪೊಟ್ಯಾಸಿಯಂ ತಾನಾಗಿಯೇ ಆಚೆ ಬರುತ್ತದೆ, ಕಾಲೂ ಸರಿಹೋಗುತ್ತದೆ. ಹೆಸರು ಮಾತ್ರ ಡ್ರಿಪ್ ಹಾಕಿದವರಿಗೆ!

ನಿಜ ಹೇಳಬೇಕೆಂದರೆ ಗ್ಲೂಕೋಸ್ ಡ್ರಿಪ್ ಇಂಥ ಹೊತ್ತಿನಲ್ಲಿ ತೊಂದರೆಯನ್ನು ಹೆಚ್ಚಿಸಬಹುದು, ಯಾಕೆಂದರೆ ಸಕ್ಕರೆ ಹೋದಷ್ಟೂ ಇನ್ಸುಲಿನ್ ಏರುತ್ತದೆ. ನನಗೆ ಕಾಲಿಗಿಂತ ಭಯ ಹೃದಯದ್ದು. ಪೊಟ್ಯಾಸಿಯಂ ಅಷ್ಟು ಇಳಿದಾಗ ಹೃದಯದ ಲಯ ತಪ್ಪಿ ಪ್ರಾಣಕ್ಕೇ ಕುತ್ತು ಬರಬಹುದು. ಇನ್ನೊಮ್ಮೆ ಹೀಗಾದರೆ ಸೀದಾ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ‘ಪೊಟ್ಯಾಸಿಯಂ ನೋಡಿ, ಇಸಿಜಿ ಮಾಡಿ’ ಅಂತ ಬಾಯಿಬಿಟ್ಟು ಹೇಳಲಿ. ಮನೆಯಲ್ಲಿ ಪೊಟ್ಯಾಸಿಯಂ ಸಿರಪ್ ಇಟ್ಟುಕೊಂಡು ತಾವೇ ಕುಡಿಯುವುದು ಬೇಡ. ಒಳಗೆ ಹೋಗಿದ್ದೂ ವಾಪಸ್ ಬಂದು, ಕುಡಿದದ್ದೂ ಸೇರಿದರೆ ಮಟ್ಟ ಅಪಾಯಕ್ಕೆ ಏರುತ್ತದೆ. ಪರೀಕ್ಷೆಯಾಗಿ ಕಾರಣ ತಿಳಿಯುವವರೆಗೆ ರಾತ್ರಿ ಹೊಟ್ಟೆ ಬಿರಿಯುವಷ್ಟು ಅನ್ನ, ಸಿಹಿ ಬೇಡ. ಮದ್ಯ ಬೇಡ. ಮೈಮುರಿಯುವಂಥ ವ್ಯಾಯಾಮವೂ ಬೇಡ.

ಪತ್ರ ಓದಿ ಕಾಯಿಲೆ ಹೇಳಲಾಗದು. ಪೊಟ್ಯಾಸಿಯಂ ಇಳಿಯಲು ಕಿಡ್ನಿಯಂಥ ಬೇರೆ ಕಾರಣಗಳೂ ಇವೆ. ಟಿಎಸ್‌ಎಚ್, ಫ್ರೀ ಟಿ4 ಮತ್ತು ಟಿ3 (ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನುಗಳು), ಪೊಟ್ಯಾಸಿಯಂ, ಇಸಿಜಿ ಇಷ್ಟಾದರೆ ಚಿತ್ರ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಥೈರಾಯ್ಡ್ ಜಾಸ್ತಿ ಅಂತ ಬಂದರೆ ಯಾಕೆ ಜಾಸ್ತಿ ಅನ್ನುವುದನ್ನೂ ನೋಡಬೇಕು. ಗ್ರಂಥಿಗೆ ಉರಿಯೂತ ಬಂದು, ಕೂಡಿಟ್ಟಿದ್ದ ಹಾರ್ಮೋನು ಸುರಿದುಹೋಗಿದ್ದರೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಲ್ಲಿ ಹಾರ್ಮೋನು ತಡೆಯುವ ಮಾತ್ರೆಗೆ ಕೆಲಸವೇ ಇಲ್ಲ. ಗ್ರೇವ್ಸ್ ಕಾಯಿಲೆಯಾದರೆ ಬೇರೆ ಕಥೆ. ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ವಿವರಿಸಿದ ಕಾಯಿಲೆ ಅದು. ದೇಹದ ರಕ್ಷಣಾ ವ್ಯವಸ್ಥೆಯೇ ಒಂದು ತಪ್ಪು ಆ್ಯಂಟಿಬಾಡಿ ತಯಾರಿಸಿ, ಥೈರಾಯ್ಡ್ ಅನ್ನು ಹಗಲೂ ರಾತ್ರಿ ದುಡಿಸುತ್ತದೆ. ಆ್ಯಂಟಿಬಾಡಿ ಪರೀಕ್ಷೆ ಅಥವಾ ಥೈರಾಯ್ಡ್ ಸ್ಕ್ಯಾನ್ ಯಾವುದು ಅಂತ ಹೇಳುತ್ತದೆ.

ಗ್ರೇವ್ಸ್ ಆದರೆ ಮೂರು ದಾರಿ. ಸಾಮಾನ್ಯವಾಗಿ ಕಾರ್ಬಿಮಜೋಲ್ ಮಾತ್ರೆಯಿಂದ ಶುರು ಮಾಡುತ್ತೇವೆ, 12ರಿಂದ 18 ತಿಂಗಳು. ನಿಲ್ಲಿಸಿದ ಮೇಲೆ ಸುಮಾರು ಅರ್ಧ ಜನರಿಗೆ ಮರುಕಳಿಸುತ್ತದೆ, ಅದನ್ನು ಮೊದಲೇ ತಿಳಿದಿರಬೇಕು. ಅಪರೂಪಕ್ಕೆ ಈ ಮಾತ್ರೆ ಬಿಳಿ ರಕ್ತಕಣಗಳನ್ನೇ ಇಳಿಸಿಬಿಡುತ್ತದೆ. ಮಾತ್ರೆ ತಗೊಳ್ಳುವಾಗ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಅವತ್ತೇ ಮಾತ್ರೆ ನಿಲ್ಲಿಸಿ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಬೇಕು, ನಾಳೆ ನೋಡೋಣ ಅನ್ನುವಂತಿಲ್ಲ. ಎರಡನೆಯದು ರೇಡಿಯೋ ಅಯೋಡಿನ್. ಒಂದು ಡೋಸಿನಲ್ಲಿ ಹೆಚ್ಚಿನವರಿಗೆ ವಾಸಿಯಾಗುತ್ತದೆ, ಆದರೆ ಬಹಳ ಜನರಿಗೆ ಆಮೇಲೆ ಥೈರಾಯ್ಡ್ ಕಡಿಮೆಯಾಗಿ ನಿಮ್ಮ ಡಬ್ಬಿಯಲ್ಲಿರುವ ಮಾತ್ರೆಯೇ ಬೇಕಾಗುತ್ತದೆ. ಕಣ್ಣು ಉಬ್ಬಿದ್ದರೆ ಅದು ಜಾಸ್ತಿಯಾಗುವ ಸಾಧ್ಯತೆಯೂ ಇದೆ. ಮೂರನೆಯದು ಆಪರೇಷನ್. ಅನುಭವಿ ಕೈಯಲ್ಲಿ ಒಳ್ಳೆಯದೇ, ಆದರೆ ಧ್ವನಿಯ ನರಕ್ಕೂ ಕ್ಯಾಲ್ಸಿಯಂ ನೋಡಿಕೊಳ್ಳುವ ಸಣ್ಣ ಗ್ರಂಥಿಗಳಿಗೂ ಪೆಟ್ಟಾಗುವ ಅಪಾಯ ಇದ್ದೇ ಇದೆ. ತಮ್ಮ ಸಿಗರೇಟು ಸೇದುತ್ತಿದ್ದರೆ ನಿಲ್ಲಿಸಲಿ. ಗ್ರೇವ್ಸ್‌ನಲ್ಲಿ ಕಣ್ಣು ಹಾಳಾಗಲು ಅದರಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ. ಹಾರ್ಮೋನು ಹತೋಟಿಗೆ ಬಂದ ಮೇಲೆ ಕಾಲು ಬಿದ್ದುಹೋಗುವ ತೊಂದರೆ ಬರುವುದಿಲ್ಲ.

ಇನ್ನು ಅತ್ತೆಯವರು. ಅವರಿಗೂ ಈಗ ಇರುವುದು ಬಹುಶಃ ಥೈರಾಯ್ಡ್ ಜಾಸ್ತಿಯ ತೊಂದರೆಯೇ. ಆದರೆ ಅದು ಗ್ರಂಥಿಯಿಂದ ಬಂದದ್ದಲ್ಲ, ಡಬ್ಬಿಯಿಂದ ಬಂದದ್ದು.

ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಏರುವುದು ಸಹಜ. ಲ್ಯಾಬಿನ ಚೀಟಿಯಲ್ಲಿ 0.4ರಿಂದ 4 ಅಂತ ಅಚ್ಚಾಗಿರುತ್ತದೆ, 30ರವರಿಗೂ 75ರವರಿಗೂ ಒಂದೇ. 6.9 ಕಂಡ ಕೂಡಲೇ ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’ ಅಂತ ಬಂದುಬಿಡುತ್ತದೆ. 65 ದಾಟಿದ, ಟಿಎಸ್‌ಎಚ್ ಸ್ವಲ್ಪ ಏರಿದ್ದು ಫ್ರೀ ಟಿ4 ಸರಿಯಿದ್ದ 737 ಜನರ ಮೇಲೆ ಯುರೋಪಿನಲ್ಲಿ ಒಂದು ದೊಡ್ಡ ಅಧ್ಯಯನ ಆಗಿತ್ತು, 2017ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಥೈರಾಕ್ಸಿನ್, ಉಳಿದವರಿಗೆ ಅದರಂತೆಯೇ ಕಾಣುವ ಬರೀ ಮಾತ್ರೆ. ಒಂದು ವರ್ಷದ ನಂತರ ಸುಸ್ತಿನಲ್ಲಾಗಲೀ ಬೇರೆ ಲಕ್ಷಣಗಳಲ್ಲಾಗಲೀ ವ್ಯತ್ಯಾಸವೇ ಇರಲಿಲ್ಲ. ಹಾಗಿದ್ದ ಮೇಲೆ 74ರ ವಯಸ್ಸಿನಲ್ಲಿ 6.9ಕ್ಕೆ 75 ಮೈಕ್ರೋಗ್ರಾಂ ಜಾಸ್ತಿಯೇ ಅನ್ನಿಸುತ್ತದೆ. ಡೋಸ್ ಹೆಚ್ಚಾದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರತೊಡಗುತ್ತವೆ. ರಕ್ತ ಅಲ್ಲೇ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ. ಮೂಳೆಯೂ ಸವೆಯುತ್ತದೆ, ಈ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿದರೆ ಸೊಂಟದ ಮೂಳೆ ಮುರಿಯುತ್ತದೆ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಟಿಎಸ್‌ಎಚ್, ಇಸಿಜಿ ಮಾಡಿಸಿ, ಮಾತ್ರೆ ಬರೆಯುವ ಮೊದಲಿನ ಹಳೆಯ ರಿಪೋರ್ಟನ್ನೂ ತೆಗೆದುಕೊಂಡು ಹೋಗಿ, ‘ಇದು ಇಷ್ಟು ಬೇಕಾ’ ಅಂತ ಕೇಳಿ. ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಸರಿಸುವುದಿಲ್ಲ.

ಈಗ ನಿಮ್ಮ ವಿಷಯ. ಅತ್ತೆಗೆ ಆದದ್ದನ್ನು ನೋಡಿ ನಿಮಗೂ ಹಾಗೇ ಆಗುತ್ತೆ ಅಂದುಕೊಂಡಿದ್ದೀರಿ. ನಂಬರು ಹತ್ತಿರಹತ್ತಿರ ಇದೆ, ಸರಿ. ಆದರೆ ನಿಮಗೆ 33, ಆ್ಯಂಟಿಬಾಡಿ ಪಾಸಿಟಿವ್, ಮಗು ಬೇಕು. ನನ್ನ ಉತ್ತರ ಪೂರ್ತಿ ತಿರುಗುವುದು ಈ ಮೂರು ಮಾತಿನ ಮೇಲೆ.

ಟಿಎಸ್‌ಎಚ್ ಥೈರಾಯ್ಡ್ ಹಾರ್ಮೋನೇ ಅಲ್ಲ. ಅದು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ. ಕೆಲಸ ಕುಂಟಿದಷ್ಟೂ ಮೇಸ್ತ್ರಿ ಗದರುವುದು ಜೋರಾಗುತ್ತದಲ್ಲ, ಹಾಗೆ. ಟಿ4 ಒಂದಿಷ್ಟು ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ. ಅದಕ್ಕೇ ನಿಮಗೆ ಟಿ4 ನಾರ್ಮಲ್, ಟಿಎಸ್‌ಎಚ್ ಜಾಸ್ತಿ. ಹಾರ್ಮೋನು ಇನ್ನೂ ಸಾಕಷ್ಟು ಬರುತ್ತಿದೆ, ಆದರೆ ಗದರಿಸಿ ತೆಗೆಯಬೇಕಾಗಿದೆ. ಇದಕ್ಕೆ ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡ್ ಅನ್ನುತ್ತಾರೆ, ಅಂದರೆ ಇನ್ನೂ ಪೂರ್ತಿಯಾಗದ ಥೈರಾಯ್ಡ್ ಕೊರತೆ. ನೀವೊಬ್ಬರೇ ಅಲ್ಲ. ಬೆಂಗಳೂರೂ ಸೇರಿದಂತೆ ದೇಶದ 8 ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ಸುಮಾರು ಶೇ 11 ಜನಕ್ಕೆ ಥೈರಾಯ್ಡ್ ಕಡಿಮೆ ಇತ್ತು. ನಿಮ್ಮಂತೆ ಸಬ್‌ಕ್ಲಿನಿಕಲ್ ಗುಂಪಿನವರು ಅದರ ಹೊರತಾಗಿ ಸುಮಾರು ಶೇ 8.

ಟಿಪಿಒ (ಥೈರಾಯ್ಡಿನ ಮೇಲೆಯೇ ತಿರುಗಿಬೀಳುವ ಆ್ಯಂಟಿಬಾಡಿ) ಪಾಸಿಟಿವ್ ಅಂದರೆ ಕಾರಣ ಬಹುಮಟ್ಟಿಗೆ ಹಶಿಮೊಟೊ ಕಾಯಿಲೆ. 1912ರಲ್ಲಿ ಹಕಾರು ಹಶಿಮೊಟೊ ಅನ್ನುವ ಜಪಾನಿ ವೈದ್ಯರು ವಿವರಿಸಿದ್ದು. ರಕ್ಷಣಾ ವ್ಯವಸ್ಥೆ ಇಲ್ಲೂ ದಾರಿ ತಪ್ಪಿದೆ. ತಮ್ಮನದು ಗ್ರೇವ್ಸ್ ಅಂತ ಆದರೆ ಅಲ್ಲಿ ಗ್ರಂಥಿಯನ್ನು ಓಡಿಸುತ್ತಿದೆ, ನಿಮ್ಮಲ್ಲಿ ನಿಧಾನಕ್ಕೆ ಸವೆಸುತ್ತಿದೆ. ಒಂದೇ ಮನೆಯ ಅಕ್ಕ ತಮ್ಮನಲ್ಲಿ ಹೀಗೆ ಎರಡು ದಿಕ್ಕಿಗೆ ಹೋಗುವುದನ್ನು ನಾವು ಆಗಾಗ ನೋಡುತ್ತೇವೆ. ಇಂಗ್ಲೆಂಡಿನ ವಿಕ್‌ಹ್ಯಾಮ್‌ನಲ್ಲಿ 20 ವರ್ಷ ಜನರ ಬೆನ್ನು ಹತ್ತಿ ನಡೆಸಿದ ಸಮೀಕ್ಷೆ ಇದೆ. ಟಿಎಸ್‌ಎಚ್ ಜಾಸ್ತಿ, ಆ್ಯಂಟಿಬಾಡಿಯೂ ಪಾಸಿಟಿವ್ ಇದ್ದ ಹೆಂಗಸರಲ್ಲಿ ವರ್ಷಕ್ಕೆ 100ಕ್ಕೆ ನಾಲ್ವರಂತೆ ಪೂರ್ತಿ ಹೈಪೋಥೈರಾಯ್ಡ್‌ಗೆ ಹೋದರು. ನಿಧಾನ, ಆದರೆ ದಾರಿ ಆ ಕಡೆಗೇ.

ಪೂರ್ತಿ ಕಡಿಮೆಯಾದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಒಪಿಡಿಯಲ್ಲಿ ಒಬ್ಬರನ್ನು ನೋಡಿದರೆ ಸಾಕು. ಒಳಗೆ ಬರುವಾಗಲೇ ಗೊತ್ತಾಗುತ್ತದೆ. ಬೇಸಿಗೆಯಲ್ಲೂ ಸ್ವೆಟರ್, ಮುಖ ಊದಿಕೊಂಡಿರುತ್ತದೆ, ದನಿ ಒಡಕು, ಹುಬ್ಬಿನ ಹೊರತುದಿ ಉದುರಿರುತ್ತದೆ. ಹೆಸರು ಕೇಳಿದರೆ ಒಂದು ಕ್ಷಣ ತಡೆದು ಉತ್ತರ. ಚರ್ಮದ ಕೆಳಗೆ ನೀರು ಹಿಡಿದಿಡುವ ಅಂಟು ವಸ್ತು ಸೇರಿಕೊಂಡಿರುವುದರಿಂದ ಊತವನ್ನು ಬೆರಳಿನಿಂದ ಒತ್ತಿದರೂ ಗುಳಿ ಬೀಳುವುದಿಲ್ಲ. ಯಕೃತ್ತು ಕೆಟ್ಟ ಕೊಲೆಸ್ಟರಾಲನ್ನು ರಕ್ತದಿಂದ ಹೊರತೆಗೆಯಲು ಥೈರಾಯ್ಡ್ ಹಾರ್ಮೋನು ಬೇಕು, ಅದು ಇಲ್ಲದಿದ್ದರೆ ಎಲ್‌ಡಿಎಲ್ ಏರುತ್ತದೆ. ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿ ಮುಟ್ಟು ಏರುಪೇರಾಗುತ್ತದೆ, ಅಂಡ ಬಿಡುಗಡೆಯಾಗುವುದೂ ತಪ್ಪುತ್ತದೆ. ನೀವಿನ್ನೂ ಅಲ್ಲಿಗೆ ಹೋಗಿಲ್ಲ, ಮಾತ್ರೆ ಬೇಡ ಅಂತ ಕೂತರೆ ಯಾವ ಕಡೆ ಹೋಗುತ್ತಿದ್ದೀರಿ ಅಂತ ತಿಳಿದಿರಲಿ ಅಂತ ಹೇಳಿದೆ.

ತೂಕದ ಬಗ್ಗೆ ಕಹಿ ಸತ್ಯ. ಪೂರ್ತಿ ಹೈಪೋಥೈರಾಯ್ಡ್ ಇದ್ದವರಲ್ಲೂ ಅದರಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆಜಿ, ಅದರಲ್ಲೂ ಹೆಚ್ಚಿನದು ಉಪ್ಪು ನೀರು. 8.2ಕ್ಕೆ ಇನ್ನೂ ಕಡಿಮೆ. ಆ 9 ಕೆಜಿಯನ್ನು ಪೂರ್ತಿ ಥೈರಾಯ್ಡ್ ತಲೆಗೆ ಕಟ್ಟಬೇಡಿ, ಮಾತ್ರೆ ಶುರುವಾದ ಮೇಲೆ ಇಳಿಯಲಿಲ್ಲ ಅಂತ ಮಾತ್ರೆಯನ್ನೂ ಬೈಯಬೇಡಿ. ಸುಸ್ತು, ಕೂದಲಿಗೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12 ನೋಡಿಸಿ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ಥೈರಾಯ್ಡಿನ ಹೆಸರಲ್ಲಿ ಅಡಗಿ ಕೂತಿರುತ್ತದೆ.

ಆ ಬಯೋಟಿನ್ ಮಾತ್ರೆ ಬಗ್ಗೆ ಒಂದು ಮಾತು. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಆ ಸಾಲನ್ನೇ. ದಿನಕ್ಕೆ ಬೇಕಾದ ಬಯೋಟಿನ್ 30ರಿಂದ 40 ಮೈಕ್ರೋಗ್ರಾಂ. ಕೂದಲಿನ ಮಾತ್ರೆಗಳಲ್ಲಿ 10 ಮಿಲಿಗ್ರಾಂ ಇರುವುದುಂಟು, ಅಂದರೆ ಇನ್ನೂರೈವತ್ತು ಪಟ್ಟಿಗೂ ಜಾಸ್ತಿ. ಮೈಗೆ ಅಷ್ಟೇನೂ ಕೆಡುಕಿಲ್ಲ, ಆದರೆ ಲ್ಯಾಬಿನ ಕೆಲವು ಯಂತ್ರಗಳಲ್ಲಿ ಪರೀಕ್ಷೆಯ ರಾಸಾಯನಿಕದಲ್ಲೇ ಬಯೋಟಿನ್ ಇರುತ್ತದೆ. ನಿಮ್ಮ ರಕ್ತದಲ್ಲಿರುವುದು ನಡುವೆ ಬಂದು ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ, ಟಿ4 ಅನ್ನು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಪರೀಕ್ಷೆಯ ದಿನ ಆ ಮಾತ್ರೆ ತಗೊಂಡಿದ್ದರೆ, ನಿಮ್ಮ ನಿಜವಾದ ಟಿಎಸ್‌ಎಚ್ 8.2ಕ್ಕಿಂತ ಜಾಸ್ತಿ ಇರಬಹುದು, ‘ನಾರ್ಮಲ್’ ಟಿ4 ನಾರ್ಮಲ್ ಅಲ್ಲದೆಯೂ ಇರಬಹುದು. ಕನಿಷ್ಠ ಎರಡು ದಿನ, ಸಾಧ್ಯವಾದರೆ ಒಂದು ವಾರವೇ ಬಯೋಟಿನ್ ಬಿಟ್ಟು ಪರೀಕ್ಷೆ ಮತ್ತೆ ಮಾಡಿಸಿ. ನಿಮಗೆ ಎರಡು ವಾರ ಟೈಮ್ ಇದೆ ಅಂದದ್ದು ಇದಕ್ಕೇ.

ಕೊತ್ತಂಬರಿ ಬೀಜದ ನೀರು ಕುಡಿಯಿರಿ, ಯಾರೂ ಬೇಡ ಅನ್ನಲ್ಲ. ಆದರೆ ಆ್ಯಂಟಿಬಾಡಿಯ ಕೆಲಸ ಅದರಿಂದ ನಿಲ್ಲುವುದಿಲ್ಲ. ಎಲೆಕೋಸು, ಹೂಕೋಸು ಬೇಯಿಸಿದರೆ ಥೈರಾಯ್ಡಿಗೆ ತೊಡಕಾಗುವ ಅಂಶ ಬಹಳಷ್ಟು ಇಲ್ಲವಾಗುತ್ತದೆ. ಪಲ್ಯ ಮಾಡಿ ತಿನ್ನಿ. ಸಿರಿಧಾನ್ಯದ ಬಗ್ಗೆ ನೀವು ಕೇಳಿಲ್ಲ, ಬೇರೆಯವರು ಕೇಳುತ್ತಲೇ ಇರುತ್ತಾರೆ. ಸಜ್ಜೆಯಲ್ಲಿ ಥೈರಾಯ್ಡ್ ತಡೆಯುವ ಅಂಶ ಇರುವುದು ನಿಜ. ಅದು ಬೆಳಕಿಗೆ ಬಂದದ್ದು ಸುಡಾನಿನಲ್ಲಿ, ಅಯೋಡಿನ್ ಕೊರತೆಯ ಜೊತೆಗೆ ಮೂರು ಹೊತ್ತೂ ಸಜ್ಜೆಯನ್ನೇ ತಿನ್ನುತ್ತಿದ್ದವರಲ್ಲಿ. ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಹೆದರಬೇಕಿಲ್ಲ.

ಸೈಂಧವ ಲವಣ ಮಾತ್ರ ತಪ್ಪು ಹೆಜ್ಜೆ. ಪ್ಯಾಕೆಟ್ ಮೇಲೆ ಅಯೋಡಿನ್ ಸೇರಿಸಿದೆ ಅಂತ ಬರೆದಿಲ್ಲದಿದ್ದರೆ ಅದರಲ್ಲಿ ಲೆಕ್ಕಕ್ಕೆ ಸಿಗುವಷ್ಟು ಅಯೋಡಿನ್ ಇರುವುದಿಲ್ಲ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿಯವರ ತಂಡ ಶುರು ಮಾಡಿದ ಪ್ರಯೋಗ, ಉಪ್ಪಿಗೆ ಅಯೋಡಿನ್ ಸೇರಿಸಿದರೆ ಗಳಗಂಡ ಇಳಿಯುತ್ತದೆ ಅಂತ ತೋರಿಸಿತು. ಅದರ ಮೇಲೆಯೇ 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ನಿಮ್ಮ ಮಲೆನಾಡಿನ ಹಿರಿಯರನ್ನು ಕೇಳಿ, ಕತ್ತು ಊದಿದವರನ್ನು ನೋಡಿದವರು ಸಿಗುತ್ತಾರೆ. ಬಳಸುವವರ ಕೈಗೆ ಬರುವ ಅಯೋಡಿನ್ ಉಪ್ಪಿನಲ್ಲಿ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150, ಬಸುರಿಗೆ 250. ನೀವು ಬಸುರಿಯಾಗುವ ಯೋಚನೆಯಲ್ಲಿದ್ದೀರಿ, ಹಳೆಯ ಪುಡಿ ಉಪ್ಪಿಗೇ ವಾಪಸ್ ಬನ್ನಿ. ಹಾಗಂತ ಅಯೋಡಿನ್ ಮಾತ್ರೆ, ಸಮುದ್ರ ಪಾಚಿಯ ಮಾತ್ರೆ ನೀವಾಗಿಯೇ ತಗೊಳ್ಳಬೇಡಿ. ಹಶಿಮೊಟೊದಲ್ಲಿ ಅತಿಯಾದ ಅಯೋಡಿನ್ ಗ್ರಂಥಿಯನ್ನು ಇನ್ನಷ್ಟು ಕುಗ್ಗಿಸುತ್ತದೆ.

ಜೀವನಪೂರ್ತಿ ಬಿಡೋಕಾಗಲ್ಲ ಅನ್ನುವ ಮಾತಿಗೆ ಬರೋಣ. ಥೈರಾಕ್ಸಿನ್ ಚಟ ಹಿಡಿಸುವ ಮಾತ್ರೆಯಲ್ಲ. ನಿಮ್ಮ ಗ್ರಂಥಿ ತಯಾರಿಸುವುದೇ ಅದನ್ನು, ಮಾತ್ರೆಯಲ್ಲಿರುವುದು ಅದರದೇ ಪಡಿಯಚ್ಚು. ಬಹಳ ಜನ ಜೀವನಪೂರ್ತಿ ತಗೊಳ್ಳುವುದು ಗ್ರಂಥಿ ಸವೆದಿರುವುದರಿಂದ, ಮಾತ್ರೆಯ ಮಾಯೆಯಿಂದ ಅಲ್ಲ. 8ರ ಆಸುಪಾಸಿನಲ್ಲಿ ಶುರು ಮಾಡಿದ ಕೆಲವರಲ್ಲಿ ಹೆರಿಗೆಯ ನಂತರ ನಿಲ್ಲಿಸಿ ನೋಡುವುದೂ ಉಂಟು.

ನೀವು ಮಗು ಬೇಡ ಅಂದಿದ್ದರೆ, ‘ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ’ ಅನ್ನುವ ಆಯ್ಕೆಯನ್ನೂ ನಿಮ್ಮ ಮುಂದೆ ಇಡುತ್ತಿದ್ದೆ. 10ರ ಒಳಗಿನ ಟಿಎಸ್‌ಎಚ್ ಎಷ್ಟೋ ಜನರಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಮೊದಲ ಮೂರು ತಿಂಗಳು ಹೊಟ್ಟೆಯಲ್ಲಿರುವ ಮಗುವಿಗೆ ತನ್ನದೇ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ. ಮೆದುಳು ಬೆಳೆಯಲು ಅಮ್ಮನದೇ ಬೇಕು. ಈ ಸ್ಥಿತಿಯಲ್ಲಿ ಗರ್ಭಪಾತದ ಸಾಧ್ಯತೆಯೂ ಸ್ವಲ್ಪ ಹೆಚ್ಚು. ಹಾಗಾಗಿ ನಿಮಗೆ ನನ್ನ ಸಲಹೆ: ಮರುಪರೀಕ್ಷೆಯಲ್ಲೂ ಜಾಸ್ತಿ ಬಂದರೆ ಮಾತ್ರೆ ಶುರು ಮಾಡಿ, ಟಿಎಸ್‌ಎಚ್ 2.5ರ ಒಳಗೆ ಬಂದ ಮೇಲೆ ಮಗುವಿಗೆ ಪ್ರಯತ್ನಿಸಿ. ಇಲ್ಲಿರುವ ಒಂದೇ ಅಪಾಯ ಡೋಸ್ ಜಾಸ್ತಿಯಾಗುವುದು, ಅದನ್ನು 6ರಿಂದ 8 ವಾರಕ್ಕೊಮ್ಮೆ ನೋಡಿ ಸರಿಮಾಡಬಹುದು. ಅದಕ್ಕಿಂತ ಮುಂಚೆ ನೋಡಿ ಪ್ರಯೋಜನವಿಲ್ಲ, ಟಿಎಸ್‌ಎಚ್ ನೆಲೆಗೊಳ್ಳಲು ಅಷ್ಟು ಸಮಯ ಬೇಕು.

ತಗೊಳ್ಳುವ ಕ್ರಮದಲ್ಲೇ ಅರ್ಧ ಜನ ಎಡವುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯೂ ಇಲ್ಲ, ಕೊತ್ತಂಬರಿ ನೀರೂ ಇಲ್ಲ. ಮಲೆನಾಡಿನವರಿಗೆ ಕಾಫಿ ತಡ ಮಾಡಿ ಅನ್ನೋದು ಶಿಕ್ಷೆ ಅಂತ ಗೊತ್ತು, ಆದರೆ ಕಾಫಿ ಜೊತೆ ತಗೊಂಡರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ನಾಲ್ಕು ಗಂಟೆ ಬಿಟ್ಟು. ಡಬ್ಬಿಯನ್ನು ಒಲೆಯ ಪಕ್ಕ ಇಡಬೇಡಿ, ಬಿಸಿಗೂ ತೇವಕ್ಕೂ ಮಾತ್ರೆಯ ಶಕ್ತಿ ಕುಂದುತ್ತದೆ. ಒಂದು ದಿನ ಮರೆತರೆ ಗಾಬರಿ ಬೇಡ, ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ.

ಮುಟ್ಟು ನಿಂತು ಟೆಸ್ಟ್ ಪಾಸಿಟಿವ್ ಬಂದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಆಗ ಡೋಸ್ ಕಾಲು ಭಾಗದಷ್ಟು ಏರಿಸುವುದು ವಾಡಿಕೆ, ವಾರಕ್ಕೆ ಎರಡು ಮಾತ್ರೆ ಜಾಸ್ತಿ. ಆಮೇಲೆ ಅರ್ಧ ಬಸಿರು ಕಳೆಯುವ ತನಕ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್. ಹೆರಿಗೆಯಾದ ಮೇಲೆ ಮೊದಲಿನ ಡೋಸಿಗೆ ಇಳಿದು, ಆರು ವಾರಕ್ಕೆ ಮತ್ತೊಂದು ಪರೀಕ್ಷೆ. ಎದೆಹಾಲು ಕುಡಿಸುವಾಗಲೂ ಈ ಮಾತ್ರೆ ತಗೊಳ್ಳಬಹುದು. ಮಗು ಹುಟ್ಟಿದ ಎರಡು ಮೂರು ದಿನಕ್ಕೆ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡುವ ಪರೀಕ್ಷೆ ಇದೆ. ಎಲ್ಲ ಆಸ್ಪತ್ರೆಯಲ್ಲೂ ತಾವಾಗಿಯೇ ಮಾಡುವುದಿಲ್ಲ, ನೀವು ಕೇಳಿ ಮಾಡಿಸಿ. ಆದರೆ ಅದಕ್ಕೆಲ್ಲ ಇನ್ನೂ ಟೈಮ್ ಇದೆ. ಮೊದಲು ತಮ್ಮನಿಗೆ ಫೋನ್ ಮಾಡಿ.